ಹೆದರ್ ಗಿಡದ ಕಿಟಕಿ

"ಕೊಡಮ್ಮ ಇತ್ತ, ಅಡುಗೆಮನೇಲಿ ಇಡ್ತೀನಿ," ಎನ್ನುತ್ತ ಟೀಚರು ಚೀಲದ ಒಂದು ಹಿಡಿಯನ್ನು ಆಗಲೇ ಹಿಡಿದುಕೊಂಡಿದ್ದರು. ಇನ್ನೊಂದು ಹಿಡಿ ಸೂಜಿಯ ಕೈಯಲ್ಲಿತ್ತು. ಸಾವಿನ ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಚೀಲ ಎಳೆದಾಡುವುದು ನೋಡುವವರಿಗೆ ಚೆನ್ನಾಗಿರುವುದಿಲ್ಲ. ಆದರೆ ಸೂಜಿ ಬಿಡುವ ಹಾಗಿರಲಿಲ್ಲ.

"ಇದು ಊಟ ಅಲ್ಲ, ಟೀಚರೇ."

"ಮತ್ತೇನು ಇಷ್ಟು ಭಾರ?"

"ಬಟ್ಟೆ."

"ಬಟ್ಟೆನಾ? ತಳದಿಂದ ನೀರು ತೊಟ್ಟಿಕ್ತಾ ಇದೆಯಲ್ಲ!"

"ಲಾಂಡ್ರಿಯವಳ ಚೀಲದಲ್ಲಿ ಒದ್ದೆ ಬಟ್ಟೆ ಇರದೆ ಇನ್ನೇನಿರುತ್ತೆ?"

ಟೀಚರು ಕೈ ಬಿಟ್ಟರು. ತೀರಿಕೊಂಡವಳ ಗಂಡನಿಗೆ ಅವರು ಅಕ್ಕ. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು, ಆದರೆ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆಯಿಂದ ಬಂದವರನ್ನೆಲ್ಲ ಸಾಲಾಗಿ ಕೂರಿಸಿ, ಎತ್ತರದವರನ್ನು ಹಿಂದಕ್ಕೆ ಕಳಿಸಿ, ಮಾತಾಡುವವರ ಕಡೆ ಕಣ್ಣು ಬಿಟ್ಟು, ಅವರು ಹಜಾರವನ್ನೇ ತರಗತಿ ಮಾಡಿಬಿಟ್ಟಿದ್ದರು.

ಸೂಜಿ ಎನ್ನುವುದು ಲಾಂಡ್ರಿಯವರು ಇಟ್ಟ ಹೆಸರು. ಹರಿದ ಬಟ್ಟೆ ಹೊಲಿಯುವುದು, ಉದುರಿದ ಗುಂಡಿ ಹಾಕುವುದು ಅವಳ ಕೆಲಸ. ಆಳು ತೆಳ್ಳಗೆ, ಮಾತು ಚೂಪು, ಹೆಸರು ಅಂಟಿಕೊಳ್ಳಲು ಅಷ್ಟು ಸಾಕಾಗಿತ್ತು. ಅವಳ ಮೇಜಿನ ಎದುರಿಗೇ ಆವಿ ಇಸ್ತ್ರಿಯ ಯಂತ್ರ. ಅದರ ಹಿಂದೆ ಒಂದು ಇಡೀ ಆಯಸ್ಸು ನಿಂತು ಬೆವರಿದವಳು ಇಸ್ತ್ರಿಯಕ್ಕ. ಇಸ್ತ್ರಿಯಕ್ಕ ಈಗ ಹಜಾರದ ನಡುವೆ ಪೆಟ್ಟಿಗೆಯೊಳಗೆ ಮಲಗಿದ್ದಳು.

ಸೂಜಿ ಅತ್ತ ನೋಡಲಿಲ್ಲ. ‘ಮೊದಲು ಕಾಲರು, ಆಮೇಲೆ ತೋಳು, ಬೆನ್ನು ಕೊನೆಗೆ’ ಎಂದು ಅಕ್ಕ ಹೊಸದಾಗಿ ಬಂದ ಹುಡುಗಿಯರಿಗೆಲ್ಲ ಹೇಳುತ್ತಿದ್ದಳು. ಯಾವುದಕ್ಕೂ ಒಂದು ಸರದಿ ಇರುತ್ತದೆ. ಇವತ್ತು ಮೊದಲು ಕೆಲಸ, ಅಳುವುದು ಆಮೇಲೆ.

ಕೆಲಸವೇನೋ ಸಣ್ಣದು. ಎಲ್ಲರೂ ಸ್ಮಶಾನಕ್ಕೆ ಹೊರಟಾಗ, ಚಹಾಕ್ಕೆ ನೀರಿಡುವ ನೆವ ಹೇಳಿ ಅವಳು ಮನೆಯಲ್ಲೇ ಉಳಿಯಬೇಕು. ಮಲಗುವ ಕೋಣೆಯ ಕಿಟಕಿಯಲ್ಲಿರುವ ಗಿಡ ತೆಗೆದು, ಚೀಲದಲ್ಲಿರುವ ಗಿಡ ಇಡಬೇಕು. ಅಕ್ಕನ ಗಂಡ ವಾಪಸು ಬಂದಾಗ, ಹೂವು ಉದುರಿ ಅದೇ ಗಿಡ ಮತ್ತೆ ಮೊಗ್ಗು ಬಿಡುತ್ತಿದೆ ಎಂದುಕೊಳ್ಳಬೇಕು. ಹೀಗೆ ಮಾಡಿದರೆ ಅಕ್ಕನನ್ನು ಮಣ್ಣಿಗಿಡುವಾಗ ಸೂಜಿ ಅಲ್ಲಿರುವುದಿಲ್ಲ. ಅದಕ್ಕಾಗಿ ಹಿಂದಿನ ದಿನವೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತು ಮುಗಿಸಿದ್ದಳು. ಕೊಟ್ಟ ಮಾತು ಕೊಟ್ಟದ್ದೇ.

ಜಾಗ ನೋಡಿಟ್ಟುಕೊಳ್ಳೋಣವೆಂದು ಕೋಣೆಗೆ ಹೋದಳು. ಆ ಮನೆಯಲ್ಲಿ ಎಂದೂ ಮುಚ್ಚದ ಕಿಟಕಿ ಮುಚ್ಚಿತ್ತು. ಹೀಟರ್ ಉರಿಯುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಪಾತ್ರೆಯ ದುಂಡನೆಯ ಗುರುತಷ್ಟೇ ಇತ್ತು, ಗಿಡ ಇರಲಿಲ್ಲ.

*

ಆ ಗಿಡದ ಕತೆ ಶುರುವಾದದ್ದು ಹೂವಿನ ಅಂಗಡಿಯ ಹೊರಗಿನ ಕಸದ ಬುಟ್ಟಿಯ ಪಕ್ಕದಲ್ಲಿ. ಅಂಗಡಿಯವನು ಹೊರಗಿಟ್ಟಿದ್ದ. ಮೊಣಕೈ ಎತ್ತರ ಇರಲಿಲ್ಲ. ಸಣ್ಣ ಸಣ್ಣ ಗಟ್ಟಿ ಎಲೆ, ಕಡ್ಡಿಯ ತುಂಬ ಅಕ್ಕಿಕಾಳಿನಷ್ಟು ಗುಲಾಬಿ ಬಣ್ಣದ, ಗಂಟೆಯಂಥ ಹೂವುಗಳು.

"ಹೆದರ್ ಅಂತಾರೆ," ಅಂದಿದ್ದ ಅವನು. "ತಂಪು ಬೆಟ್ಟದ ಗಿಡ. ಮನೆಯೊಳಗೆ ಬದುಕಲ್ಲ. ಒಂದು ಸಲ ಹೂ ನೋಡಿ ಬಿಸಾಕೋದಷ್ಟೆ."

ಇಸ್ತ್ರಿಯಕ್ಕನಿಗೆ ‘ಆಗಲ್ಲ’ ಎಂದು ಹೇಳುವುದೂ ಒಂದೇ, ‘ಮಾಡಿ ತೋರಿಸು’ ಎಂದು ಹೇಳುವುದೂ ಒಂದೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಗಿಡ ಕಂಕುಳಲ್ಲಿ ಇಟ್ಟುಕೊಂಡು ಲಾಂಡ್ರಿಗೆ ಬಂದಳು. ಹೆಸರು ಕೇಳಿ ಎಲ್ಲರೂ, "ಹೆದರೋ ಗಿಡಾನಾ? ನಿನ್ನ ನೋಡಿ ಹೆದರಿರುತ್ತೆ ಬಿಡು," ಎಂದು ಚುಡಾಯಿಸಿದರು.

ಮೊದಲನೆಯ ಗಿಡ ಬಹಳ ದಿನ ಹೂವಿನಿಂದ ತುಂಬಿಕೊಂಡೇ ಇತ್ತು. ಅಕ್ಕ ದಿನವೂ ನೀರು ಹಾಕಿ, ದಿನವೂ ಬೀಗಿ, ಅಂಗಡಿಯವನಿಗೆ ಹೋಗಿ ಹೇಳಿಯೂ ಬಂದಳು. ಆಮೇಲೊಂದು ದಿನ ಧೂಳು ಒರೆಸಲು ಮುಟ್ಟಿದಳು. ಹೂವೆಲ್ಲ ಹೊಟ್ಟಿನ ಹಾಗೆ ಉದುರಿತು. ಅದು ಸತ್ತು ಎಷ್ಟೋ ವಾರವಾಗಿತ್ತು. ಹೆದರ್ ಗಿಡದ ಬುದ್ಧಿಯೇ ಅದು: ಬೇರು ಒಮ್ಮೆ ಕೆಟ್ಟಿತೆಂದರೆ ಮುಗಿಯಿತು, ಆದರೆ ಹೂವು ಬಣ್ಣ ಬಿಡುವುದಿಲ್ಲ. ಸತ್ತ ಗಿಡಕ್ಕೆ ನೀರು ಹಾಕಿದವಳೆಂದು ಲಾಂಡ್ರಿಯಲ್ಲಿ ವರ್ಷವಿಡೀ ನಗೆ.

ಎರಡನೆಯದು ನಲ್ಲಿ ನೀರಿಗೆ ಹೋಯಿತು. ಆ ಊರಿನ ನೀರಿನಲ್ಲಿ ಸುಣ್ಣ ಹೆಚ್ಚು. ಇಸ್ತ್ರಿ ಯಂತ್ರದ ಕೊಳವೆಗಳಲ್ಲೇ ಬಿಳಿ ಪಕ್ಕು ಕಟ್ಟುತ್ತಿತ್ತು. ಎಲೆ ಹಳದಿಯಾಗುವುದನ್ನು ನೋಡುತ್ತ ಕೂತ ಅಕ್ಕನಿಗೆ ತಟ್ಟನೆ ಹೊಳೆಯಿತು. ಯಂತ್ರದಿಂದ ಹೊರಟ ಆವಿ ತಣ್ಣಗಾಗಿ ಕೊಳವೆಯ ತುದಿಯಲ್ಲಿ ತೊಟ್ಟಿಕ್ಕುತ್ತದಲ್ಲ, ಆ ನೀರಿನಲ್ಲಿ ಸುಣ್ಣವೆಲ್ಲಿಂದ ಬರಬೇಕು? ಅದರ ಕೆಳಗೆ ಬಾಟಲಿ ಇಟ್ಟಳು. ಮೂರನೆಯ ಗಿಡ ಆ ನೀರು ಕುಡಿದು ಬದುಕಿತು. ಹೂವು ಮುಗಿದ ಮೇಲೆ ತುದಿ ಕತ್ತರಿಸಿದಳು, ಮರುವರ್ಷ ಮತ್ತೆ ಹೂವು ಬಂತು. ಗಂಜಿ ಹಾಕುವ ಹಳೆಯ ಎನಾಮೆಲ್ ಪಾತ್ರೆಯೊಂದನ್ನು, ನೀಲಿ ಅಂಚಿನದು, ಲಾಂಡ್ರಿಯಿಂದ ಕೇಳಿ ಪಡೆದು ಅದರೊಳಗೆ ಕುಂಡವನ್ನು ಇಟ್ಟಳು. ಸೂಜಿಗೂ ಒಂದು ಕಡ್ಡಿ ನೆಟ್ಟುಕೊಟ್ಟಳು.

ಉಳಿದದ್ದು ಕಿಟಕಿಯ ಜಗಳ. ದಿನವೆಲ್ಲ ಆವಿಯಲ್ಲಿ ಬೆಂದು ಬರುವವಳಿಗೆ ಮನೆಯಲ್ಲಿ ತಣ್ಣನೆ ಗಾಳಿ ಬೇಕಿತ್ತು. ಗಂಡ ಬಸ್ ಡ್ರೈವರು. ದಿನವೆಲ್ಲ ಬಾಗಿಲು ತೆರೆದು ಮುಚ್ಚುವ ಬಸ್ಸಿನಲ್ಲಿ ಕೂತು ನಡುಗಿ ಬಂದವರಿಗೆ ಬೆಚ್ಚನೆ ಮೂಲೆ ಬೇಕಿತ್ತು. ಗಿಡ ಬರುವವರೆಗೆ ಇಬ್ಬರ ಬಲವೂ ಸಮ. ಗಿಡ ಬಂದ ಮೇಲೆ ಅಕ್ಕನ ಕೈ ಮೇಲಾಯಿತು.

"ಕಿಟಕಿ ಮುಚ್ಚೇ, ಮೂಗು ಬಿದ್ದುಹೋಗತ್ತೆ."

"ಗಿಡಕ್ಕೆ ಸೆಕೆ ಆಗತ್ತೆ."

"ಗಂಡನಿಗಿಂತ ಗಿಡ ಹೆಚ್ಚಾ?"

"ನಿಮಗೆ ಮಫ್ಲರ್ ಇದೆ. ಅದಕ್ಕೇನಿದೆ?"

ಡ್ರೈವರು ಗೊಣಗುತ್ತ ಮಫ್ಲರ್ ಸುತ್ತಿಕೊಂಡು ಮಲಗುತ್ತಿದ್ದರು. ಮಗಳು ಮದುವೆಯಾಗಿ ಹೋದ ಮೇಲೂ, ಇಬ್ಬರೂ ಕೆಲಸ ಬಿಟ್ಟ ಮೇಲೂ ಜಗಳ ಮುಂದುವರಿಯಿತು. ಅವರಿಬ್ಬರ ಸಂಸಾರ ನಡೆದದ್ದೇ ಆ ಕಿಟಕಿಯ ಮೇಲೆ ಎಂದು ಸೂಜಿಗೆ ಎಷ್ಟೋ ಸಲ ಅನ್ನಿಸಿತ್ತು.

*

ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಪಕ್ಕದ ಪುಟ್ಟ ಮೇಜಿನ ಮೇಲೆ ಹೆದರ್ ಹೂವಿನ ಕಡ್ಡಿಗಳು ಬಿದ್ದಿದ್ದವು. ಡ್ರೈವರು ದಿನಕ್ಕೊಂದು ತಂದುಕೊಡುತ್ತಿದ್ದರು. ಅವತ್ತು ಅವರು ಔಷಧ ತರಲು ಕೆಳಗೆ ಹೋದದ್ದೇ ತಡ, ಅಕ್ಕ ಕಣ್ಣು ಬಿಟ್ಟಳು.

"ಮುಟ್ಟಿ ನೋಡೇ."

ಸೂಜಿ ಮುಟ್ಟಿದಳು. ಕಾಗದದ ಹಾಗೆ ಸದ್ದಾಯಿತು.

"ಹೂವಿದೆಯಲ್ಲ ಅಕ್ಕ," ಅಂದಳು, ಅಷ್ಟು ಹೊತ್ತಿಗೆ ಅರ್ಥವಾಗಿದ್ದರೂ.

"ಹೂ ಇರುತ್ತೆ. ನನ್ನ ಮೊದಲನೇ ಗಿಡ ಮರೆತುಬಿಟ್ಯಾ? ಸತ್ತಿದೆ ಕಣೇ ಅದು. ಹೀಟರ್ ಪಕ್ಕ ಇಟ್ಟಿರ್ತಾರೆ. ಅವರಿಗೆ ಚಳಿ ಆದ್ರೆ ಪ್ರಪಂಚಕ್ಕೆಲ್ಲ ಚಳಿ."

"ಬೈದುಬಿಡೋದು ತಾನೇ?"

"ಬೈಯೋಕೆ ಹೊತ್ತಿಲ್ಲ ಈಗ." ಅಕ್ಕ ಸ್ವಲ್ಪ ಸುಧಾರಿಸಿಕೊಂಡಳು. "ನಾನು ಹೋದಮೇಲೆ ಅದು ಉದುರತ್ತೆ. ಒಂದು ಬೆಳಿಗ್ಗೆ ಎದ್ದು ನೋಡ್ತಾರೆ, ಬರೀ ಕಡ್ಡಿ. ಇವಳು ಬಿಟ್ಟುಹೋದ ಒಂದು ಗಿಡಾನೂ ಉಳಿಸ್ಲಿಲ್ಲವಲ್ಲ ಅಂತ ಕೊರಗ್ತಾರೆ. ಆ ಮನುಷ್ಯನ ಸ್ವಭಾವ ನನಗೆ ಗೊತ್ತು, ಹೊರಗೆ ಗೊಣಗಾಟ, ಒಳಗೆ ಬರೀ ಬೆಣ್ಣೆ. ಹಾಗಾಗಬಾರದು. ನಿನ್ನ ಗಿಡ ತಂದು ಆ ಜಾಗದಲ್ಲಿ ಇಟ್ಟುಬಿಡು."

"ಯಾವಾಗ?"

"ನನ್ನ ಕಳಿಸ್ಕೊಡೋ ದಿನ. ಈಗ ದಿನಾ ಕಡ್ಡಿ ಮುರೀತಾರೆ, ಗೊತ್ತಾಗಿಬಿಡತ್ತೆ. ಆಮೇಲೆ ಅವರು ಮನೆ ಬಿಟ್ಟು ಕದಲೋರಲ್ಲ."

ಇದನ್ನು ಅವಳು ನಾಳೆ ಬರುವ ಬಟ್ಟೆಯ ಗಂಟಿನ ಬಗ್ಗೆ ಹೇಳಿದಷ್ಟೇ ನೇರವಾಗಿ ಹೇಳಿದಳು.

"ನಿನ್ನ ಬಾಯಲ್ಲಿ ಎಳ್ಳು ನೆನೆಯಲ್ಲ, ಗೊತ್ತು," ಎಂದು ಅಕ್ಕ ಅವಳ ಕೈ ಹಿಡಿದಳು. "ಇದೊಂದನ್ನ ನೆನೆಸು."

ಡ್ರೈವರು ಔಷಧದ ಪೊಟ್ಟಣ ಹಿಡಿದು ಬಂದರು. ಅಕ್ಕ ಒಂದು ಕಡ್ಡಿ ಎತ್ತಿಕೊಂಡು ಕೆನ್ನೆಯ ಹತ್ತಿರ ಹಿಡಿದು, "ಚೆನ್ನಾಗಿ ನೋಡ್ಕೊಂಡಿದೀರಿ," ಅಂದಳು.

*

"ಗಿಡ ಎಲ್ಲಿ?" ಎಂದು ಸೂಜಿ ಬಾಗಿಲಲ್ಲಿ ಸಿಕ್ಕ ಅಕ್ಕನ ಮಗಳನ್ನು ಕೇಳಿದಳು.

"ಟೀಚರತ್ತೆ ಅದನ್ನ ಅಮ್ಮನ ತಲೆ ಹತ್ರ ಇಟ್ಟಿದಾರೆ," ಅಂದಳು ಮಗಳು, ಮೂಗು ಒರೆಸಿಕೊಳ್ಳುತ್ತ. "ಅಮ್ಮನ ಜೊತೆ ಕಳಿಸೋಣ, ಅಲ್ಲೇ ನೆಡೋಣ ಅಂದ್ರು. ಅಪ್ಪ ಏನೂ ಅನ್ನಲಿಲ್ಲ."

ಈಗ ಸೂಜಿ ಹಜಾರದ ಕಡೆ ನೋಡಲೇಬೇಕಾಯಿತು. ಪೆಟ್ಟಿಗೆಯ ತಲೆಯ ಬಳಿ ನೀಲಿ ಅಂಚಿನ ಪಾತ್ರೆ, ಅದರಲ್ಲಿ ಮೈತುಂಬ ಹೂ ಹೊತ್ತ ಗಿಡ. ಅಂಗಡಿಯಿಂದ ತಂದ ಹೂವಿಗಿಂತ ಅದೇ ಚೆನ್ನಾಗಿ ಕಾಣುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಡ್ರೈವರು ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು, ಬಸ್ಸು ಕೆಟ್ಟು ನಿಂತಾಗ ಕೂರುವ ಹಾಗೆ.

ಸೂಜಿ ಅಕ್ಕನ ಮುಖ ನೋಡಿದಳು. ‘ಏನು ನೋಡ್ತಿದೀಯಾ, ಕೆಲಸ ನೋಡು’ ಅನ್ನುವ ಹಾಗಿತ್ತು ಆ ಮುಖ.

ಅಷ್ಟರಲ್ಲಿ ಟೀಚರು ಬಂದು, "ಸ್ವಲ್ಪ ಧೂಳಾಗಿದೆ, ಒರೆಸಿಬಿಡೋಣ. ಹೊರಗೆ ಗಾಡಿ ಬಂತು," ಎನ್ನುತ್ತ ಕರವಸ್ತ್ರ ತೆಗೆದು ಗಿಡದ ಕಡೆ ಕೈ ಚಾಚಿದರು.

ಒರೆಸಿದರೆ ಹೂವೆಲ್ಲ ಬಿಳಿ ಬಟ್ಟೆಯ ಮೇಲೆ ಉದುರುತ್ತದೆ. ಟೀಚರು ‘ಅಯ್ಯೋ, ಇದು ಒಣಗಿಹೋಗಿದೆಯಲ್ಲ’ ಎಂದು ಇಡೀ ತರಗತಿಗೆ ಕೇಳುವ ಹಾಗೆ ಹೇಳುತ್ತಾರೆ. ಸೂಜಿ ಕುರ್ಚಿಗಳ ನಡುವೆ ನುಗ್ಗಿದಳು, ಆದರೆ ಅವಳಿಗಿಂತ ಮುಂಚೆ ಡ್ರೈವರು ಎದ್ದಿದ್ದರು.

"ಮುಟ್ಟಬೇಡ ಅದನ್ನ."

"ಒರೆಸ್ತೀನಿ ಕಣೋ..."

"ಬೇಡ ಅಂದ್ನಲ್ಲ!" ಅವರು ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತುಂಬಿದ ಬಿಂದಿಗೆ ಒಯ್ಯುವಷ್ಟು ಜೋಪಾನವಾಗಿ ಕೋಣೆಗೆ ನಡೆದರು. ಟೀಚರೆದುರು ಎಂದೂ ದನಿ ಎತ್ತದ ತಮ್ಮ ಹೀಗಂದದ್ದಕ್ಕೆ ಅವರು ಕರವಸ್ತ್ರ ಹಿಡಿದು ಹಾಗೇ ನಿಂತರು. ಪಾಪ, ದುಃಖ ಎಂದು ಎಲ್ಲರೂ ತಲೆ ತಗ್ಗಿಸಿದರು. ಸೂಜಿ ಚೀಲ ಎತ್ತಿಕೊಂಡು ಅವರ ಹಿಂದೆ ಹೋದಳು.

ಡ್ರೈವರು ಪಾತ್ರೆಯನ್ನು ಕಟ್ಟೆಯ ಮೇಲೆ ಅದರ ದುಂಡನೆಯ ಗುರುತಿಗೆ ಸರಿಯಾಗಿ ಇಟ್ಟು ಮಂಚದ ಮೇಲೆ ಕೂತಿದ್ದರು.

"ಬಾಗಿಲು ಹಾಕು, ಸೂಜಿ."

ಅವಳು ಹಾಕಿದಳು.

"ಸತ್ತಿದೆ ಅದು," ಅಂದರು.

ಸೂಜಿ ಚೀಲವನ್ನು ನೆಲಕ್ಕಿಟ್ಟಳು.

"ಬದುಕೆಲ್ಲ ಬಸ್ಸು ಓಡಿಸಿದೋನಿಗೆ ಇಂಜಿನ್ ನಿಂತದ್ದು ಗೊತ್ತಾಗಲ್ವಾ? ಅವಳು ಆಸ್ಪತ್ರೆ ಸೇರಿದ ಮೇಲೆ ಚಳಿ ಜೋರಾಯ್ತಲ್ಲ. ಗಿಡ ಒಂಟಿಯಾಗಿ ಕಿಟಕೀಲಿ ನಡುಗ್ತಾ ಕೂತಿದೆ ಅನ್ನಿಸ್ತು. ತಂದು ಹೀಟರ್ ಪಕ್ಕ ಇಟ್ಟೆ. ನನ್ನ ಮಫ್ಲರ್ ಸುತ್ತಿದೆ." ಅವರು ಅಂಗೈ ನೋಡಿಕೊಂಡರು. "ಒಳ್ಳೇದು ಮಾಡ್ತಿದೀನಿ ಅಂದ್ಕೊಂಡಿದ್ದೆ. ಆಮೇಲೆ ಎತ್ತಿ ನೋಡಿದ್ರೆ ಹತ್ತಿಯಷ್ಟು ಹಗುರ."

"ಮತ್ತೆ ಆಸ್ಪತ್ರೆಗೆ ದಿನಾ..."

"ದಿನಾ ಒಂದು ಕಡ್ಡಿ ಮುರಿದು ಒಯ್ತಿದ್ದೆ. ಬಣ್ಣ ಇತ್ತಲ್ಲ. ಗಿಡ ಚೆನ್ನಾಗಿದೆ ಅಂತ ತಿಳಿದು ಅವಳು ನೆಮ್ಮದಿಯಾಗಿರ್ಲಿ ಅಂತ." ಡ್ರೈವರ ಮುಖದಲ್ಲಿ, ಅಷ್ಟು ದುಃಖದ ನಡುವೆಯೂ, ಒಂದು ಚೂರು ಹೆಮ್ಮೆ ಕಾಣಿಸಿತು. "ಕೊನೇವರೆಗೂ ಗೊತ್ತಾಗಲಿಲ್ಲ ಅವಳಿಗೆ. ಸಂಸಾರ ಮಾಡಿದಷ್ಟು ದಿನವೂ ಅವಳ ಹತ್ರ ನನಗೆ ಒಂದು ಸುಳ್ಳೂ ದಕ್ಕಲಿಲ್ಲ, ಸೂಜಿ. ಇದೊಂದು ದಕ್ತು."

ಮಾತು ಸೂಜಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಗೊತ್ತಿತ್ತು ಭಾವ, ಮೊದಲ ಕಡ್ಡಿ ಮುಟ್ಟಿದಾಗಲೇ ಗೊತ್ತಾಗಿತ್ತು ಅವಳಿಗೆ. ಇದಕ್ಕಿಂತ ದೊಡ್ಡ ಮಾತು ಅವಳ ಬಾಯಿಗೆ ಎಂದೂ ಬಂದಿರಲಿಲ್ಲ. ಹೇಳಿದರೆ ಎರಡು ಹನಿ ಕಣ್ಣೀರು ಹೆಚ್ಚು ಬರುತ್ತಿತ್ತು, ಎಷ್ಟು ಪ್ರೀತಿ ಎಂದು ಲಾಂಡ್ರಿಯವರೆಲ್ಲ ಕೇಳಿ ಮರುಗುತ್ತಿದ್ದರು. ಆದರೆ ಈ ಮನುಷ್ಯನಿಗೆ ದಕ್ಕಿದ ಒಂದೇ ಸುಳ್ಳು ಕೈಬಿಟ್ಟುಹೋಗುತ್ತಿತ್ತು. ಅವಳು ಹಲ್ಲು ಕಚ್ಚಿ ನುಂಗಿಕೊಂಡಳು. ನುಂಗುವಾಗ ನಿಜವಾಗಿಯೂ ನೋವಾಯಿತು.

"ಹೌದು ಭಾವ," ಅಂದಳು. "ಗೊತ್ತಾಗಲಿಲ್ಲ. ಚೆನ್ನಾಗಿ ನೋಡ್ಕೋತಿದಾರೆ ಅಂತ ನನ್ನ ಹತ್ರಾನೂ ಹೇಳಿದ್ಲು."

ಡ್ರೈವರು ತಲೆಯಾಡಿಸಿದರು. ಆಮೇಲೆ ಅವರ ಕಣ್ಣು ಚೀಲದ ಕೆಳಗೆ ನೆಲದ ಮೇಲಾಗಿದ್ದ ನೀರಿನ ಕಡೆ ಹೋಯಿತು. "ಏನದು?"

ಸೂಜಿ ಗಿಡ ಹೊರತೆಗೆದಳು. ಸತ್ತ ಗಿಡದಷ್ಟು ಚಂದವಿರಲಿಲ್ಲ ಇದು. ಕಡು ಹಸಿರು, ಒಂದು ಕಡೆ ವಾಲಿತ್ತು, ಮೊಗ್ಗು ಈಗಷ್ಟೇ ಮೂಡುತ್ತಿತ್ತು.

"ಅಕ್ಕ ನೆಟ್ಟುಕೊಟ್ಟಿದ್ದು, ಇದೇ ಗಿಡದ ಕಡ್ಡಿ. ನಮ್ಮ ಮೆಟ್ಟಿಲ ಹತ್ರ ತಣ್ಣಗಿತ್ತು, ಅಲ್ಲಿಟ್ಟಿದ್ದೆ. ಈಗ ಮನೆ ಮಾಲೀಕರು ಅಲ್ಲೂ ಹೀಟರ್ ಹಾಕಿಸಿದಾರೆ. ಅಲ್ಲಿದ್ರೆ ಸಾಯುತ್ತೆ. ನಿಮ್ಮ ಹತ್ರ ಇರ್ಲಿ ಅಂತ ತಂದೆ."

ಮೆಟ್ಟಿಲ ಬಳಿ ಯಾವ ಹೀಟರೂ ಇರಲಿಲ್ಲ. ಹರಿದ ಜಾಗ ಕಾಣದ ಹಾಗೆ ಹೊಲಿಯುವುದು ಅವಳ ಕಸುಬೇ ಆಗಿತ್ತು.

"ನನ್ನ ಹತ್ರಾನಾ?" ಡ್ರೈವರು ಹಿಂದೆ ಸರಿದರು. "ಬೇಡಮ್ಮ. ಒಂದನ್ನ ಕೊಂದಿದೀನಿ."

"ಅಕ್ಕ ಎರಡು ಕೊಂದಿದ್ಲು. ನೀವಿನ್ನೂ ಒಂದು ಹಿಂದೆ ಇದೀರಿ."

ಡ್ರೈವರು ನಕ್ಕುಬಿಟ್ಟರು. ನಗು ಬಂದದ್ದಕ್ಕೆ ಅವರಿಗೇ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಹಿಡಿದ ಕೈಯ ಹಿಂದೆ ಅದು ಅಳುವಾಯಿತು. ಬಾಗಿಲು ತಟ್ಟಿ ಟೀಚರು, "ಗಾಡಿಯವನು ಕಾಯ್ತಿದಾನೆ," ಎಂದರು.

"ಕಾಯ್ಲಿ," ಅಂದರು ಡ್ರೈವರು ಒಳಗಿನಿಂದ. ಮುಖ ಒರೆಸಿಕೊಂಡು ಎದ್ದು ಗಿಡದ ಮುಂದೆ ನಿಂತರು. "ಹೇಳು ನೋಡೋಣ. ಏನೇನು ಮಾಡ್ಬೇಕು?"

"ದಿನಾ ಎತ್ತಿ ನೋಡಿ. ಹಗುರ ಅನ್ನಿಸಿದ್ರೆ ಬೋಗುಣಿ ನೀರಿನಲ್ಲಿ ಕುಂಡಾನ ಕೂರಿಸಿ, ಗುಳ್ಳೆ ಬರೋದು ನಿಲ್ಲೋವರೆಗೆ. ಆಮೇಲೆ ಸೋರಿಸಿ ಈ ಪಾತ್ರೆಗೆ ಇಡಿ. ತಳದಲ್ಲಿ ನೀರು ನಿಲ್ಲಬಾರದು. ನಲ್ಲಿ ನೀರು ಬೇಡ. ಇಸ್ತ್ರಿ ನೀರು ನಾನು ವಾರ ವಾರ ತಂದುಕೊಡ್ತೀನಿ."

"ಮತ್ತೆ ಕಿಟಕಿ?"

"ತೆಗೆದೇ ಇರಬೇಕು."

"ಚಳಿಗಾಲದಲ್ಲೂ?"

"ಚಳಿಗಾಲದಲ್ಲೇ, ಭಾವ."

ಡ್ರೈವರು ಬಹಳ ಹೊತ್ತು ಕಿಟಕಿಯ ಚಿಲಕ ನೋಡುತ್ತ ನಿಂತರು. ಹೀಟರ್ ಆರಿಸಿದರು. ನೀಲಿ ಅಂಚಿನ ಪಾತ್ರೆಯಿಂದ ಸತ್ತ ಗಿಡದ ಕುಂಡ ಎತ್ತಿ, ಸೂಜಿಯ ಗಿಡವನ್ನು ಅಲ್ಲಿ ಕೂರಿಸಿ, ವಾಲಿದ ಕಡೆ ಬೆಳಕಿಗೆ ಬರುವ ಹಾಗೆ ತಿರುಗಿಸಿದರು. ಸತ್ತ ಗಿಡ ಕೈಯಲ್ಲಿ ಹಿಡಿದು ಹಜಾರಕ್ಕೆ ಬಂದು, ಅಕ್ಕನ ತಲೆಯ ಬಳಿ ತಾವೇ ಇಟ್ಟರು.

"ನೀನು ಹೇಳಿದ್ದು ಸರಿ," ಅಂದರು ಟೀಚರಿಗೆ. "ಇದು ಅವಳ ಜೊತೆ ಹೋಗ್ಲಿ. ಒರೆಸೋದು ಮಾತ್ರ ಬೇಡ."

ಟೀಚರಿಗೆ ಸಮಾಧಾನವಾಯಿತು. "ನೋಡಿ, ಎಷ್ಟು ತಾಜಾ ಇದೆ," ಎಂದು ಪಕ್ಕದವರಿಗೆ ತೋರಿಸಿದರು. ಸೂಜಿಯೂ ಡ್ರೈವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಚಹಾಕ್ಕೆ ನೀರಿಡುವ ಕೆಲಸವನ್ನು ಸೂಜಿ ಪಕ್ಕದ ಮನೆಯವರಿಗೆ ಒಪ್ಪಿಸಿ ಗಾಡಿಯ ಹಿಂದೆ ನಡೆದಳು. ಮಣ್ಣು ಹಾಕುವಾಗ ಅವಳು ಅಲ್ಲೇ ಇದ್ದಳು. ಅಳುವ ಸರದಿ ಬಂದಿತ್ತು. ಹಿಂದಿನ ದಿನವೇ ಮುಗಿಸಿದ್ದೇನೆ ಎಂದುಕೊಂಡದ್ದು ಸುಳ್ಳು. ಜೋರಾಗಿ, ನಾಚಿಕೆಯಿಲ್ಲದೆ ಅತ್ತಳು.

*

ಸಂಜೆ ಮನೆಗೆ ಹೊರಟವಳು ಎದುರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡಿದ್ದಳು. ಗಾಳಿ ಮುಖಕ್ಕೆ ಚುಚ್ಚುತ್ತಿತ್ತು. ಕಟ್ಟಡದ ಕಿಟಕಿಗಳೆಲ್ಲ ಮುಚ್ಚಿ, ಪರದೆಯ ಹಿಂದೆ ದೀಪ ಹತ್ತಿಕೊಂಡಿತ್ತು. ಮೂರನೆಯ ಮಹಡಿಯ ಒಂದು ಕಿಟಕಿಯಲ್ಲಿ, ಅಕ್ಕನ ಕೋಣೆಯದು, ಮಾತ್ರ ದೀಪ ಇರಲಿಲ್ಲ. ಅವಳು ಕತ್ತು ಎತ್ತಿ ಅದನ್ನೇ ನೋಡುತ್ತಿದ್ದಳು.

ಆ ಕೋಣೆಯ ದೀಪ ಹತ್ತಿತು. ಕಿಟಕಿಯ ಎರಡೂ ಬಾಗಿಲು ಹೊರಕ್ಕೆ ತೆರೆದುಕೊಂಡವು.

ಡ್ರೈವರು ಕುರ್ಚಿ ಎಳೆದುಕೊಂಡು ಕಿಟಕಿಯ ಪಕ್ಕದಲ್ಲಿ ಕೂತರು. ಉದ್ದ ಕೋಟು, ಕಿವಿ ಮುಚ್ಚುವ ಉಲ್ಲನ್ ಟೋಪಿ, ಮೂಗಿನವರೆಗೆ ಮಫ್ಲರ್. ಹಿಂದಿನಿಂದ ಟೀಚರ ಕೈ ಬಂದು ಕಿಟಕಿಯ ಬಾಗಿಲು ಎಳೆಯಿತು. ಡ್ರೈವರು ತಿರುಗಿ ಏನೋ ಅಂದರು. ಕೆಳಗೆ ನಿಂತವಳಿಗೆ ಅದು ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ, ಆ ಮನೆಯಲ್ಲಿ ಆ ಕಿಟಕಿಯ ಬಗ್ಗೆ ಇದ್ದದ್ದು ಒಂದೇ ಉತ್ತರ. ಕೈ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ಕೈ ಒಂದು ಕಂಬಳಿ ತಂದು ಡ್ರೈವರ ಹೆಗಲಿಗೆ ಹೊದಿಸಿತು.

ಬಸ್ಸು ಬಂತು. ಸೂಜಿ ಹತ್ತುವಾಗ ಮತ್ತೊಮ್ಮೆ ತಿರುಗಿ ನೋಡಿದಳು. ಡ್ರೈವರು ಕಂಬಳಿಯಿಂದ ಎರಡೂ ಕೈ ಹೊರತೆಗೆದು, ನೀಲಿ ಅಂಚಿನ ಪಾತ್ರೆಯನ್ನು ಮೆಲ್ಲಗೆ ಎತ್ತಿ, ಭಾರ ನೋಡಿ, ಮತ್ತೆ ಅದರ ಜಾಗಕ್ಕೆ ಇಡುತ್ತಿದ್ದರು.